ಮಗ್ಗಿ ಕಲಿಸುವುದು ಹೇಗೆ? ಬಾಯಿಪಾಠ ಕೊನೆಗಿರಲಿ

"ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು" ಅಂತ ರಾಗವಾಗಿ ಹೇಳಿಕೊಂಡು ಹೋಗುತ್ತಿರುವ ಮಗುವನ್ನು ನಡುವೆ ನಿಲ್ಲಿಸಿ, "ಏಳಾರ್ಲಿ ಎಷ್ಟು?" ಅಂತ ಕೇಳಿ ನೋಡಿ. ತುಂಬಾ ಮಕ್ಕಳು ಮತ್ತೆ ಏಳೊಂದ್ಲಿಯಿಂದ ಹತ್ತಿಕೊಂಡು, ಒಂದೊಂದೇ ಬೆರಳು ಮಡಚುತ್ತಾ ಆರಕ್ಕೆ ಬಂದು ನಿಲ್ಲುತ್ತಾರೆ. ಉತ್ತರ ಸರಿಯಾಗೇ ಬರುತ್ತದೆ. ಆದರೆ ಲೆಕ್ಕದ ನಡುವೆ ಪ್ರತಿ ಸಲ ಹೀಗೆ ಮೆಟ್ಟಿಲು ಹತ್ತುತ್ತಾ ಕೂತರೆ ಲೆಕ್ಕವೇ ಮರೆತುಹೋಗುತ್ತದೆ. ನಡುವಿನ ಒಂದು ಸಾಲು ತಪ್ಪಿದರಂತೂ ಮುಂದಿನದ್ದೆಲ್ಲ ತಪ್ಪು.

ಬಾಯಿಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. ಮಗ್ಗಿ ಕೊನೆಗೆ ನಾಲಿಗೆ ತುದಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಮುಂದೆ ಭಾಗಾಕಾರ, ಭಿನ್ನರಾಶಿ ಎಲ್ಲ ಕಷ್ಟವಾಗುತ್ತದೆ. ಆದರೆ ಅದು ಕೊನೆಯ ಕೆಲಸ. ಅದಕ್ಕೂ ಮುಂಚೆ, ಮರೆತರೂ ಉತ್ತರಕ್ಕೆ ಹೋಗುವ ದಾರಿ ಮಗುವಿಗೆ ಗೊತ್ತಿರಬೇಕು. ಆ ದಾರಿಗಳನ್ನು ಯಾವ ಕ್ರಮದಲ್ಲಿ ಕಲಿಸಬಹುದು ಅಂತ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಸಾಮಾನ್ಯವಾಗಿ 7ರಿಂದ 9 ವರ್ಷದ ನಡುವೆ ಮಕ್ಕಳು ಮಗ್ಗಿ ಕಲಿಯುತ್ತಾರೆ. ವಯಸ್ಸಿಗಿಂತ ಮುಖ್ಯ, ಕೂಡುವುದು ಸಲೀಸಾಗಿದೆಯಾ ಅನ್ನುವುದು. 8+6 ಎಷ್ಟು ಅಂದರೆ ಬೆರಳಿನ ಮೊರೆ ಹೋಗದೆ ಹೇಳುತ್ತದೆಯಾ? 7+7, 9+9 ಹೀಗೆ ಡಬಲ್ ಮಾಡಲು ಬರುತ್ತದೆಯಾ? 2, 4, 6, 8 ಅಂತಲೂ 5, 10, 15 ಅಂತಲೂ ಹಾರಿ ಹಾರಿ ಎಣಿಸುತ್ತದೆಯಾ? ಇದಕ್ಕೆಲ್ಲ ಉತ್ತರ "ಅಷ್ಟಕ್ಕಷ್ಟೇ" ಅಂತಾದರೆ ಮಗ್ಗಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಡಬಲ್ ಮಾಡುವುದನ್ನು ಗಟ್ಟಿ ಮಾಡಿಸಿ. ಮುಂದೆ ಬರುವ ಉಪಾಯಗಳಲ್ಲಿ ಅರ್ಧಕ್ಕರ್ಧ ಅದರ ಮೇಲೆಯೇ ನಿಂತಿವೆ.

ಸಾಲಿನಲ್ಲಿ ಜೋಡಿಸಿ ತೋರಿಸಿ

ಗುಂಡಿ, ಕಲ್ಲು, ಬೀಜ, ಯಾವುದಾದರೂ ಸರಿ. ಒಂದೇ ಅಳತೆಯವು ಒಂದಷ್ಟು ಇದ್ದರೆ ಸಾಕು. ಸಾಲಿಗೆ 4ರಂತೆ 3 ಸಾಲು ಜೋಡಿಸಲು ಹೇಳಿ. ಆಮೇಲೆ ಮಾತು ಹೀಗೆ ಸಾಗಲಿ:

"ಒಂದು ಸಾಲಲ್ಲಿ ಎಷ್ಟಿವೆ ಪುಟ್ಟಾ?"
"ನಾಲ್ಕು."
"ಎಷ್ಟು ಸಾಲಿವೆ?"
"ಮೂರು."
"ಒಟ್ಟು?"

ಮೊದಮೊದಲು ಮಗು ಒಂದೊಂದನ್ನೇ ಮುಟ್ಟಿ ಎಣಿಸುತ್ತದೆ. ಎಣಿಸಲಿ, ತಡೆಯಬೇಡಿ. ಎರಡು ಮೂರು ದಿನ ಕಳೆದ ಮೇಲೆ ಒಂದು ಸಾಲನ್ನು ಅಂಗೈಯಿಂದ ಮುಚ್ಚಿ, "ಈಗ ಹೇಳು" ಅನ್ನಿ. ಮುಚ್ಚಿದ್ದನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ, ಅಲ್ವಾ? ಆಗ "ನಾಲ್ಕು, ಎಂಟು... ಹನ್ನೆರಡು" ಅಂತ ಸಾಲುಸಾಲಾಗಿ ಹಾರುವುದು ತಾನಾಗಿಯೇ ಶುರುವಾಗುತ್ತದೆ. ಗುಣಾಕಾರ ಅಂದರೆ ಇದೇ, ಒಂದೇ ಅಳತೆಯ ಗುಂಪುಗಳನ್ನು ಒಟ್ಟಿಗೆ ಎಣಿಸುವುದು. ಬೇರೆ ವ್ಯಾಖ್ಯಾನ ಏನೂ ಬೇಡ.

ಈಗ ಆ ಮೂರು ಸಾಲನ್ನು ಒಂದು ಹಾಳೆಯ ಮೇಲೆ ಜೋಡಿಸಿ, ಹಾಳೆಯನ್ನು ಅಡ್ಡ ತಿರುಗಿಸಿ. 4ರ 3 ಸಾಲು ಇದ್ದದ್ದು 3ರ 4 ಸಾಲು ಆಯಿತು. ಒಂದು ಗುಂಡಿಯೂ ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ. "ಮೂರ್ನಾಲ್ಕ್ಲಿ ಹನ್ನೆರಡು, ನಾಲ್ಕ್ಮೂರ್ಲೂ ಹನ್ನೆರಡೇ" ಅಂತ ನೀವು ಹೇಳಿಕೊಡಬೇಡಿ, ಮಗುವೇ ಹೇಳಲಿ. 2×5, 3×6 ಹೀಗೆ ನಾಲ್ಕೈದು ಸಲ ತಿರುಗಿಸಿ ನೋಡಿದ ಮೇಲೆ ಯಾವ ಮಗುವಾದರೂ ಹೇಳುತ್ತದೆ. ಮಗ್ಗಿ ಕಲಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಶ್ರಮ ಉಳಿಸುವ ಸಂಗತಿ ಇದೇ ಅಂತ ನನ್ನ ಅನಿಸಿಕೆ. ಇದನ್ನು ಆತುರದಲ್ಲಿ ಮುಗಿಸಬೇಡಿ.

(3×4 ಅಂದರೆ 4ರ 3 ಗುಂಪೋ, 3ರ 4 ಗುಂಪೋ ಅಂತ ದೊಡ್ಡವರು ವಾದ ಮಾಡುವುದುಂಟು. ಶಾಲೆಯಲ್ಲಿ ಹೇಗೆ ಹೇಳಿಕೊಟ್ಟಿದ್ದಾರೋ ಹಾಗೇ ಇರಲಿ. ಮಗುವಿನ ಎದುರಿಗೆ ಆ ಜಗಳ ಬೇಡ.)

ಗುಂಡಿಗಳಿಂದ ಚೌಕದ ಪುಸ್ತಕಕ್ಕೆ ಬನ್ನಿ. 6 ಚೌಕ ಉದ್ದ, 4 ಚೌಕ ಅಗಲದ ಆಯತ ಬರೆದು ಬಣ್ಣ ತುಂಬಲಿ, ಒಳಗೆ 24 ಅಂತ ಬರೆಯಲಿ. ಕತ್ತರಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಮುಂದೆ ಬೇಕಾಗುತ್ತವೆ.

ಸೊನ್ನೆ ಮತ್ತು ಒಂದರ ಬಗ್ಗೆ ಒಂದು ಮಾತು. ಇವು ಸುಲಭ ಅಂತ ದೊಡ್ಡವರು ಹಾರಿಸಿಬಿಡುತ್ತಾರೆ. ಮಕ್ಕಳು ಮಾತ್ರ 5×0 ಅಂದರೆ 5, 4×1 ಅಂದರೆ 5 ಅಂತ ಬರೆದಿಡುತ್ತಾರೆ. ಕೂಡುವುದರ ಜೊತೆ ಕಲಸಿಕೊಂಡಿರುತ್ತಾರೆ ಅಷ್ಟೇ. 5 ಖಾಲಿ ತಟ್ಟೆ ಇಟ್ಟು "ಒಂದೊಂದು ತಟ್ಟೆಯಲ್ಲೂ ಸೊನ್ನೆ ಗುಂಡಿ, ಒಟ್ಟು ಎಷ್ಟು?" ಅಂತ ಕೇಳಿ. ಮಗು ನಗುತ್ತದೆ. ವಿಷಯ ಅಲ್ಲಿಗೆ ಮುಗಿಯಿತು.

ನೂರು ಮನೆಯ ಪಟ್ಟಿಯನ್ನು ಚಿಕ್ಕದು ಮಾಡಿ

1ರಿಂದ 10ರವರೆಗಿನ ಮಗ್ಗಿಯ ಪಟ್ಟಿ ಬರೆದರೆ 10 ಅಡ್ಡ ಸಾಲು, 10 ಉದ್ದ ಸಾಲು, ಒಟ್ಟು 100 ಮನೆ. ಅದನ್ನು ನೋಡಿದರೆ ಮಗುವಿಗೆ ಎದೆ ಧಸಕ್ ಅನ್ನುವುದು ಸಹಜ. ಅದಕ್ಕೇ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬಣ್ಣದ ಪೆನ್ಸಿಲ್ ಕೊಟ್ಟು, ಗೊತ್ತಿರುವುದನ್ನೆಲ್ಲ ಹೊಡೆದು ಹಾಕಿಸಿ.

ಹಾಳೆ ತಿರುಗಿಸುವ ಆಟದಿಂದ 3×4 ಗೊತ್ತಿದ್ದರೆ 4×3 ಬೇರೆ ಕಲಿಯಬೇಕಿಲ್ಲ ಅಂತ ಗೊತ್ತಾಗಿದೆ. ಹಾಗಾಗಿ 45 ಮನೆ ಒಂದೇ ಏಟಿಗೆ ಹೋದವು, ಉಳಿದದ್ದು 55. ಒಂದರ ಮಗ್ಗಿ ತೆಗೆಯಿರಿ, 45. ಹತ್ತರದ್ದು ತೆಗೆಯಿರಿ, 36. ಎರಡರ ಮಗ್ಗಿ ಬರೀ ಡಬಲ್, ಅದೂ ಹೋಯಿತು, 28. ಐದರದ್ದು ಬಂದರೆ 21. ಒಂಬತ್ತರದ್ದು ಬಂದರೆ 15. ನಾಲ್ಕರದ್ದನ್ನು ಡಬಲ್‌ನ ಡಬಲ್ ಅಂತ ಕಲಿತರೆ 10. ಇವುಗಳಲ್ಲಿ 3×3, 6×6, 7×7, 8×8 ಈ ನಾಲ್ಕು ವರ್ಗಗಳು ಬೇಗ ನೆನಪಲ್ಲಿ ನಿಲ್ಲುತ್ತವೆ. ಕೊನೆಗೆ ಉಳಿಯುವುದು ಆರೇ ಆರು:

3×6, 3×7, 3×8, 6×7, 6×8, 7×8.

ಈ ಆರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಪೂರ್ತಿ ಪಟ್ಟಿ ಅಂಟಿಸಬೇಡಿ. ಪಟ್ಟಿಯ ಹೆದರಿಕೆ ಹೋಗುವುದು ಈ ಎಣಿಕೆಯಿಂದಲೇ. ಸುಮ್ನೆ "ಸುಲಭ ಕಣೋ, ಓದು" ಅಂದರೆ ಹೋಗುವುದಿಲ್ಲ.

ಯಾವುದಾದ ಮೇಲೆ ಯಾವುದು

ಒಂದು, ಎರಡು, ಮೂರು ಅಂತ ವರಸೆಯಾಗಿ ಹೋಗಬೇಕು ಅಂತ ಎಲ್ಲೂ ಇಲ್ಲ. ನಾನು ಹೇಳುವ ಕ್ರಮ 2, 10, 5, 4, 9, ವರ್ಗಗಳು, ಆಮೇಲೆ 3, 6, 8. ಏಳರ ಮಗ್ಗಿಯನ್ನು ಬೇರೆಯಾಗಿ ಕಲಿಸುವ ಅಗತ್ಯವೇ ಬೀಳುವುದಿಲ್ಲ, ಅಷ್ಟರಲ್ಲಿ ಅದು ಬೇರೆ ಮಗ್ಗಿಗಳಲ್ಲಿ ಬಂದು ಹೋಗಿರುತ್ತದೆ.

2 ಮತ್ತು 10 ಬೇಗ ಮುಗಿಯುತ್ತವೆ. ಹತ್ತರ ಮಗ್ಗಿಗೆ "ಪಕ್ಕದಲ್ಲಿ ಸೊನ್ನೆ ಹಾಕು" ಅಂತ ಹೇಳಿಕೊಡುವ ರೂಢಿ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಮುಂದೆ ದಶಮಾಂಶ ಬಂದಾಗ 2.5×10 ಅಂದರೆ 2.50 ಅಂತ ಬರೆಯುವ ಮಕ್ಕಳು ಇದೇ ಮಾತನ್ನು ನಂಬಿಕೊಂಡು ಬಂದವರು. "7 ಹತ್ತುಗಳು ಸೇರಿದರೆ ಎಪ್ಪತ್ತು" ಅಂತಲೇ ಹೇಳಿ.

ಐದರ ಮಗ್ಗಿಗೆ ಮುಳ್ಳಿನ ಗಡಿಯಾರ ಇದ್ದರೆ ಸಾಕು. ದೊಡ್ಡ ಮುಳ್ಳು 7ರ ಮೇಲಿದ್ದರೆ 35 ನಿಮಿಷ. ಇನ್ನೊಂದು ದಾರಿಯೂ ಇದೆ, ಹತ್ತರದ್ದರ ಅರ್ಧ. 8×10 ಅಂದರೆ 80, ಅರ್ಧ 40, ಹಾಗಾಗಿ 8×5=40. ಉತ್ತರ 0ಯಿಂದ ಇಲ್ಲವೇ 5ರಿಂದ ಮುಗಿಯಲೇಬೇಕು ಅನ್ನುವುದನ್ನು ಮಗುವೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಿ ಆ ಖುಷಿ ಕಿತ್ತುಕೊಳ್ಳಬೇಡಿ.

ನಾಲ್ಕಕ್ಕೆ ಡಬಲ್‌ನ ಡಬಲ್. 4×7 ಬೇಕೆಂದರೆ 7, 14, 28. ಎಂಟಕ್ಕೆ ಇನ್ನೊಂದು ಡಬಲ್: 7, 14, 28, 56. ನೋಡಿ, ಎಲ್ಲರನ್ನೂ ಕಾಡುವ ಏಳೆಂಟ್ಲಿ ಐವತ್ತಾರು ಮೂರು ಹೆಜ್ಜೆಯಲ್ಲಿ ಸಿಕ್ಕಿತು. 28ನ್ನು ಡಬಲ್ ಮಾಡುವಾಗ ಮಗು ತಡವರಿಸಿದರೆ 20ರದ್ದು 40, 8ರದ್ದು 16, ಸೇರಿಸಿದರೆ 56 ಅಂತ ಒಡೆದು ತೋರಿಸಿ.

ಒಂಬತ್ತಕ್ಕೆ ಬೆರಳಿನ ಉಪಾಯ ಮಕ್ಕಳಿಗೆ ಮ್ಯಾಜಿಕ್ ತರಹ. ಎರಡೂ ಕೈ ಚಾಚಿ, ಎಡದಿಂದ ಎಣಿಸುತ್ತಾ, 9×4ಕ್ಕೆ ನಾಲ್ಕನೇ ಬೆರಳು ಮಡಚಬೇಕು. ಮಡಚಿದ ಬೆರಳಿನ ಎಡಕ್ಕೆ 3, ಬಲಕ್ಕೆ 6. ಉತ್ತರ 36. ಆಟಕ್ಕೆ ಚೆನ್ನಾಗಿದೆ, ಆದರೆ ಇದೊಂದನ್ನೇ ನಂಬಿಕೊಳ್ಳಬೇಡಿ. "ಹತ್ತು ಪಟ್ಟಿನಲ್ಲಿ ಒಂದು ಪಟ್ಟು ಕಮ್ಮಿ" ಅನ್ನುವುದು ಹೆಚ್ಚು ಗಟ್ಟಿಯಾದ ದಾರಿ. 9×7 ಬೇಕೆಂದರೆ 70ರಲ್ಲಿ 7 ಕಳೆದರೆ 63. ಈ ಯೋಚನೆ ಮುಂದೆ 19×6, 99×4 ತರಹದ ಲೆಕ್ಕಕ್ಕೂ ಬರುತ್ತದೆ, ಬೆರಳು ಅಲ್ಲಿಗೆ ಬರುವುದಿಲ್ಲ. ತಾಳೆ ನೋಡಲು ಒಂದು ಗುರುತೂ ಇದೆ. ಹತ್ತರವರೆಗಿನ ಒಂಬತ್ತರ ಮಗ್ಗಿಯಲ್ಲಿ ಉತ್ತರದ ಅಂಕಿಗಳನ್ನು ಕೂಡಿದರೆ 9 ಬರುತ್ತದೆ. 6+3=9, ಸರಿ.

ವರ್ಗಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ, ಇಲ್ಲೊಂದು ಚಂದದ ಆಟ ಇದೆ. ಗುಂಡಿಗಳನ್ನು 7 ಸಾಲು, ಸಾಲಿಗೆ 7ರಂತೆ ಜೋಡಿಸಿ, 49 ಆಯಿತು. ಈಗ ಕೆಳಗಿನ ಸಾಲಿನ 7 ಗುಂಡಿಗಳನ್ನು ತೆಗೆದು, ಉಳಿದ 6 ಸಾಲುಗಳ ಬಲತುದಿಗೆ ಒಂದೊಂದನ್ನು ಇಡಲು ಮಗುವಿಗೆ ಹೇಳಿ. ಆರು ಗುಂಡಿಗೆ ಜಾಗ ಸಿಗುತ್ತದೆ, ಒಂದು ಕೈಯಲ್ಲೇ ಉಳಿಯುತ್ತದೆ. ಈಗ ನೆಲದ ಮೇಲಿರುವುದು 8ರ 6 ಸಾಲು. ಹಾಗಾದರೆ 6×8 ಅಂದರೆ 49ಕ್ಕಿಂತ ಒಂದು ಕಮ್ಮಿ, 48! ಇದೇ ತರಹ 8×8=64, ಪಕ್ಕದ 7×9=63. 5×5=25, ಪಕ್ಕದ 4×6=24. "ಎಲ್ಲಾ ಕಡೆ ಹೀಗೇ ಆಗುತ್ತಾ?" ಅಂತ ಮಗು ಕೇಳಿದರೆ ಉತ್ತರ ಹೇಳಬೇಡಿ, "ನೋಡೋಣ ಬಾ" ಅನ್ನಿ. ಆಗುತ್ತದೆ. ಯಾಕೆ ಅನ್ನುವುದು ಬೀಜಗಣಿತದಲ್ಲಿ ಮುಂದೆ ಬರುತ್ತದೆ, ಆದರೆ ಕೈಯಲ್ಲಿ ಉಳಿದ ಆ ಒಂದು ಗುಂಡಿಯಲ್ಲಿ ಕಾರಣ ಈಗಲೇ ಕಾಣುತ್ತದೆ.

ಮೂರು ಅಂದರೆ ಡಬಲ್ ಮತ್ತು ಇನ್ನೊಂದು ಪಟ್ಟು: 3×8 ಅಂದರೆ 16+8, 24. ಆರು ಅಂದರೆ ಮೂರರದ್ದರ ಡಬಲ್: 3×7=21, ಆದ್ದರಿಂದ 6×7=42. ಐದರ ಕಡೆಯಿಂದಲೂ ಬರಬಹುದು, 35ಕ್ಕೆ 7 ಸೇರಿಸಿದರೆ 42. ಎರಡು ದಾರಿಯಿಂದ ಬಂದರೂ ಒಂದೇ ಉತ್ತರ ಅಂದಾಗ ಮಗುವಿಗೆ ಧೈರ್ಯ ಬರುತ್ತದೆ.

ಯಾವ ಉಪಾಯವೂ ಹೊಳೆಯದಿದ್ದರೆ ಒಡೆಯುವುದು ಇದ್ದೇ ಇದೆ. ಕತ್ತರಿಸಿಟ್ಟ ಆಯತಗಳು ಈಗ ಬೇಕು. 7×6ರ ಆಯತವನ್ನು ಐದನೇ ಸಾಲಿನ ಕೆಳಗೆ ಮಡಚಿದರೆ 5×6 ಮತ್ತು 2×6 ಅಂತ ಎರಡು ತುಂಡು. 30 ಮತ್ತು 12. ಯಾವ ದೊಡ್ಡ ಮಗ್ಗಿಯನ್ನಾದರೂ ಹೀಗೆ ಗೊತ್ತಿರುವ ಎರಡು ಚಿಕ್ಕ ಮಗ್ಗಿಗಳಾಗಿ ಮಾಡಿಕೊಳ್ಳಬಹುದು.

ಈಗ ಬಾಯಿಪಾಠ, ಆದರೆ ಚೀಟಿಯಲ್ಲಿ

ದಾರಿ ಗೊತ್ತಾದ ಮೇಲೆ ವೇಗ ಬೇಕು. ಅದಕ್ಕೆ ಚಿಕ್ಕ ಚಿಕ್ಕ ಚೀಟಿ ಮಾಡಿ. ಮುಂದೆ 6×8, ಹಿಂದೆ 48. ಒಂದು ಸಲಕ್ಕೆ ಹತ್ತು ಹನ್ನೆರಡು ಚೀಟಿ ಸಾಕು, ಅದರಲ್ಲಿ ಹೊಸದು ಎರಡೋ ಮೂರೋ ಇರಲಿ, ಉಳಿದವು ಬರುವಂಥವೇ ಆಗಿರಲಿ. ಎಲ್ಲವೂ ಹೊಸದಾದರೆ ಮಗು ಸೋತು ಏಳುತ್ತದೆ.

ಚೀಟಿ ತೋರಿಸಿ, ಮನಸ್ಸಿನಲ್ಲೇ ಮೂರು ಎಣಿಸಿ. ಅಷ್ಟರಲ್ಲಿ ಉತ್ತರ ಬಂದರೆ ಒಂದು ಗುಡ್ಡೆಗೆ. ಯೋಚಿಸಿ, ದಾರಿ ಹಿಡಿದು ಹೇಳಿದರೆ ಎರಡನೇ ಗುಡ್ಡೆಗೆ. ಬರಲೇ ಇಲ್ಲವಾದರೆ ಮೂರನೆಯದಕ್ಕೆ. ಎರಡನೇ ಗುಡ್ಡೆಯದ್ದನ್ನು ತಪ್ಪು ಅನ್ನಬೇಡಿ, ಅದು ಅರ್ಧಕ್ಕಿಂತ ಜಾಸ್ತಿ ಕಲಿತಾಗಿದೆ ಅಂತಲೇ ಲೆಕ್ಕ. ಮೂರನೇ ಗುಡ್ಡೆಯ ಚೀಟಿಯನ್ನು ಮಾತ್ರ ಆಯತ ಮಡಚಿಯೋ ಗುಂಡಿ ಜೋಡಿಸಿಯೋ ಮತ್ತೆ ಕಟ್ಟಿಸಿ.

ಮುಖ್ಯ ವಿಷಯ, ಚೀಟಿಗಳನ್ನು ಕಲಸಿ. ಏಳರದ್ದೆಲ್ಲ ಒಟ್ಟಿಗೆ, ವರಸೆಯಾಗಿ ಕೇಳಿದರೆ ಮಗು ಹಿಂದಿನ ಉತ್ತರಕ್ಕೆ ಏಳು ಸೇರಿಸುತ್ತಾ ಹೋಗುತ್ತದೆ, ನೆನಪು ಕೆಲಸ ಮಾಡುವುದೇ ಇಲ್ಲ. ಉತ್ತರ ನೋಡಿ ಓದುವುದಕ್ಕಿಂತ, ಉತ್ತರ ಮುಚ್ಚಿ ನೆನಪಿನಿಂದ ತೆಗೆಯಲು ಕಷ್ಟಪಟ್ಟಾಗಲೇ ವಿಷಯ ಹೆಚ್ಚು ದಿನ ಉಳಿಯುತ್ತದೆ. ಅದೇ ತರಹ ಒಂದೇ ದಿನ ಒಂದು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ 5ರಿಂದ 10 ನಿಮಿಷ, ಬಿಡುವು ಕೊಟ್ಟು ಮಾಡಿಸುವುದು ಒಳ್ಳೆಯದು. ಚೆನ್ನಾಗಿ ಬಂದ ಚೀಟಿಯನ್ನು ಮಾರನೇ ದಿನ ಕೇಳಿ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ನಡುವೆ ಮರೆತರೆ ಮತ್ತೆ ಮೊದಲಿನಿಂದ, ಬೇಜಾರು ಮಾಡಿಕೊಳ್ಳದೆ.

ತಪ್ಪು ಉತ್ತರ ಬಂದಾಗ ಅದನ್ನು ಸ್ವಲ್ಪ ಗಮನಿಸಿ. 7×8ಕ್ಕೆ 54 ಅಂದರೆ ಅದು ಗಾಳಿಯಲ್ಲಿ ಹೊಡೆದ ಗುಂಡಲ್ಲ, 6×9ರ ಉತ್ತರ ಇಲ್ಲಿಗೆ ಬಂದಿದೆ. 6×7ಕ್ಕೆ 48 ಅಂದರೆ ಒಂದು ಸಾಲು ಜಾಸ್ತಿ ಹೋಗಿದೆ. 3×8ಕ್ಕೆ 11 ಅಂದರೆ ಕೂಡಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಆ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು, ಎರಡನೆಯದಕ್ಕೆ ಐದರ ಕಡೆಯಿಂದ ಬರುವ ದಾರಿ ನೆನಪಿಸಬೇಕು, ಮೂರನೆಯದಕ್ಕೆ ಮತ್ತೆ ಗುಂಡಿಯೇ ಗತಿ. "ತಪ್ಪು, ಇನ್ನೊಂದು ಸಲ ಹೇಳು" ಅಂದರೆ ಮಗು ಬಾಯಿಗೆ ಬಂದ ಸಂಖ್ಯೆ ಹೇಳಲು ಕಲಿಯುತ್ತದೆ. "ಹೇಗೆ ಬಂತು, ಹೇಳು?" ಅಂತ ಕೇಳಿ. ಉತ್ತರ ಸರಿ ಇದ್ದಾಗಲೂ ಇದನ್ನೇ ಕೇಳುತ್ತಿರಿ, ಇಲ್ಲದಿದ್ದರೆ ಈ ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಅಂತ ಮಗುವಿಗೆ ತಿಳಿದುಬಿಡುತ್ತದೆ.

ಭಾಗಾಕಾರವನ್ನೂ ಜೊತೆಗೇ ಸೇರಿಸಿ. ತ್ರಿಕೋನದ ಚೀಟಿ ಕತ್ತರಿಸಿ ಮೂರು ಮೂಲೆಗೆ 7, 8, 56 ಬರೆಯಿರಿ. ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೇಳಿ. 56 ಮುಚ್ಚಿದರೆ ಗುಣಾಕಾರ, 8 ಮುಚ್ಚಿದರೆ "56ರಲ್ಲಿ 7ರ ಗುಂಪು ಎಷ್ಟು?" ಅನ್ನುವ ಭಾಗಾಕಾರ. ಭಾಗಾಕಾರ ಪಾಠ ಬರುವ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ.

ಗಡಿಯಾರ ಇಟ್ಟು ಪರೀಕ್ಷೆ ಮಾಡಬೇಕಾ?

ಶುರುವಿನಲ್ಲಂತೂ ಬೇಡ. ಸಮಯ ನೋಡುತ್ತಾ ಕೂತರೆ ಕೆಲವು ಮಕ್ಕಳಿಗೆ ಗಾಬರಿಯಾಗಿ, ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ. ಅಣ್ಣನ ಜೊತೆಯೋ ಪಕ್ಕದ ಮನೆಯ ಮಗುವಿನ ಜೊತೆಯೋ ಹೋಲಿಸುವುದು ಅದಕ್ಕಿಂತ ಕೆಟ್ಟದ್ದು. ಮಗುವೇ ಇಷ್ಟಪಟ್ಟರೆ, ಮುಕ್ಕಾಲು ಪಾಲು ಚೀಟಿ ಮೊದಲ ಗುಡ್ಡೆಗೆ ಬಂದ ಮೇಲೆ, ಅದರದೇ ನಿನ್ನೆಯ ಸಮಯದ ಜೊತೆ ಪಂದ್ಯ ಕಟ್ಟಬಹುದು.

ರಾಗವಾಗಿ ಮಗ್ಗಿ ಹೇಳುವುದನ್ನೂ ಬಿಡಿಸಬೇಡಿ. ನಾಲಿಗೆಗೆ ಹತ್ತಿದ ರಾಗ ವರ್ಷಗಟ್ಟಲೆ ಉಳಿಯುತ್ತದೆ, "ಎಂಟೆಂಟ್ಲಿ ಅರವತ್ನಾಲ್ಕು" ಅನ್ನುವುದರಲ್ಲೇ ಒಂದು ತಾಳ ಇದೆ. ಆದರೆ ಮೇಲಿನಿಂದ ಕೆಳಗೆ ಮಾತ್ರ ಬೇಡ. ಇಂದು ಹತ್ತರಿಂದ ಹಿಂದಕ್ಕೆ, ನಾಳೆ ಆರರಿಂದ ಮುಂದಕ್ಕೆ, ನಾಡಿದ್ದು ನೀವೊಂದು ಸಾಲು ಮಗು ಒಂದು ಸಾಲು. ಎರಡು ದಾಳ ಎಸೆದು ಬಂದದ್ದನ್ನು ಗುಣಿಸುವ ಆಟ ಆರರವರೆಗಿನದಕ್ಕೆ ಚೆನ್ನಾಗಿದೆ. ಇಸ್ಪೀಟೆಲೆಗಳಲ್ಲಿ ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟು ಎರಡೆರಡು ಎಲೆ ತಿರುಗಿಸಿದರೆ ಹತ್ತರವರೆಗೂ ಆಡಬಹುದು. ಮೊಬೈಲ್ ಆ್ಯಪ್‌ಗಳೂ ಇವೆ. ಅವು ಬಂದ ಉತ್ತರವನ್ನು ತಾಳೆ ನೋಡಲು ಸರಿ, "ಹೇಗೆ ಬಂತು" ಅಂತ ಕೇಳುವುದು ಮಾತ್ರ ನಿಮ್ಮ ಕೆಲಸವೇ.

ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡಿಸಿದರೂ ಏನೂ ನಿಲ್ಲುತ್ತಿಲ್ಲ, ಚಿಕ್ಕ ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಅನ್ನುವುದರಲ್ಲೇ ಗೊಂದಲ, ಗಡಿಯಾರ ನೋಡುವುದೂ ಕಷ್ಟ ಅಂತಿದ್ದರೆ ಮಗುವಿನ ಶಿಕ್ಷಕರ ಜೊತೆ ಮಾತಾಡಿ. ಡಿಸ್ಕ್ಯಾಲ್ಕುಲಿಯಾ ಅನ್ನುವ ಕಲಿಕೆಯ ತೊಂದರೆ ಕೆಲವು ಮಕ್ಕಳಿಗೆ ಇರುತ್ತದೆ. ಅದು ಸೋಮಾರಿತನವಲ್ಲ, ಬುದ್ಧಿ ಕಮ್ಮಿ ಅಂತಲೂ ಅಲ್ಲ, ಬೇರೆ ರೀತಿಯ ಸಹಾಯ ಬೇಕು ಅಷ್ಟೇ. ಅಂಥ ಮಗುವಾಗಲಿ, ಇನ್ನೂ ಕಲಿಯುತ್ತಿರುವ ಬೇರೆ ಮಗುವಾಗಲಿ, ದೊಡ್ಡ ಲೆಕ್ಕ ಮಾಡುವಾಗ ಮಗ್ಗಿಯ ಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಲು ಬಿಡಿ. ಮಗ್ಗಿ ಬರಲಿಲ್ಲ ಅಂತ ಉಳಿದ ಗಣಿತ ನಿಲ್ಲಬೇಕಾಗಿಲ್ಲ.

ಹತ್ತರವರೆಗಿನದು ಗಟ್ಟಿಯಾದ ಮೇಲೆ ಹನ್ನೊಂದು, ಹನ್ನೆರಡು, ಹದಿಮೂರು ಎಲ್ಲ ಕಲಿಸಬೇಕಾ ಅಂತ ಕೇಳುವವರಿದ್ದಾರೆ. ಶಾಲೆಯಲ್ಲಿ ಕೇಳಿದರೆ ಕಲಿಯಲಿ. ಇಲ್ಲದಿದ್ದರೆ 12×7 ಎಷ್ಟು ಅಂತ ಸುಮ್ನೆ ಕೇಳಿ ನೋಡಿ. ಒಡೆಯುವುದು ಕಲಿತ ಮಗು ಎಪ್ಪತ್ತು, ಹದಿನಾಲ್ಕು ಅಂತ ಗೊಣಗಿಕೊಂಡು ಎಂಬತ್ನಾಲ್ಕು ಅನ್ನುತ್ತದೆ.